ಕೋಲಾರದಲ್ಲಿ ಓದಿದ ಆರೋಗ್ಯ ಮನಶ್ಶಾಸ್ತ್ರ ಪೇಪರ್: ತಗೋಬಹುದಾ ಅಂತ ಕೇಳುವವರಿಗೆ

ನಮ್ಮಜ್ಜಿಯ ಮಂಡಿ ನೋವಿನಲ್ಲಿ ಒಂದು ಇಡೀ ಸೆಮಿಸ್ಟರ್ ಓದುವಷ್ಟು ವಿಷಯ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬಿ.ಎ. ಓದುವಾಗ ಕೋಲಾರದ ನಮ್ಮ ಕಾಲೇಜಿನಲ್ಲಿ ಆರೋಗ್ಯ ಮನಶ್ಶಾಸ್ತ್ರ ಅನ್ನೋ ಪೇಪರ್ ತಗೊಂಡಿದ್ದೆ. ವಾರಕ್ಕೆ ಮೂರು ಗಂಟೆ ಕ್ಲಾಸು, ಕೊನೆಗೊಂದು ಪರೀಕ್ಷೆ, ಮಧ್ಯದಲ್ಲಿ ಒಂದು ಫೀಲ್ಡ್ ವರ್ಕ್ ರೆಕಾರ್ಡ್. ಈಗ ಅಡ್ಮಿಷನ್ ಸಮಯ. ನಮ್ಮೂರಿನ ಹುಡುಗಿಯರು ಬಸ್ಸಿನಲ್ಲಿ ಸಿಕ್ಕಾಗೆಲ್ಲ ಕೇಳುತ್ತಾರೆ, "ಅಕ್ಕಾ, ಆ ಪೇಪರ್ ತಗೋಬಹುದಾ? ಕಷ್ಟಾನಾ? ಮಾರ್ಕ್ಸ್ ಬರುತ್ತಾ?" ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಪೂರ್ತಿ ಬರೆದುಬಿಡೋಣ ಅನ್ನಿಸಿತು. ಕಾಲೇಜಿನ ಹೆಸರು ಬರೆಯುವುದಿಲ್ಲ, ಕೆಲವು ದೂರುಗಳೂ ಇವೆ.

ಮೊದಲೇ ಹೇಳ್ತೀನಿ, ತಗೊಳ್ಳಿ. ಆದರೆ ಸೇರುವ ಮುಂಚೆ ಫೀಲ್ಡ್ ವರ್ಕ್ ಇದೆಯಾ, ಎಷ್ಟು ದಿನ, ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಖಂಡಿತ ಕೇಳಿ. ಅದಿಲ್ಲದಿದ್ದರೆ ಈ ಪೇಪರ್ ಒಂದು ಗೈಡ್ ಪುಸ್ತಕ ಕಂಠಪಾಠ ಮಾಡಿದ ಹಾಗೆ ಆಗುತ್ತದೆ.

ನಮ್ಮ ಮೇಡಂ ಕ್ಲಾಸಿಗೆ ಬಂದ ಮೊದಲ ದಿನ ಬೋರ್ಡ್ ಮೇಲೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿದರು. ದೇಹ, ಮನಸ್ಸು, ಸಮಾಜ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಬಹಳ ದಿನದಿಂದ ಇರುವ ಕಾಯಿಲೆ ಹೇಳಿ" ಅಂದರು. ಒಬ್ಬಳು ಸಕ್ಕರೆ ಕಾಯಿಲೆ ಅಂದಳು. ಇನ್ನೊಬ್ಬ ಬಿಪಿ ಅಂದ. ನಾನು ಅಜ್ಜಿಯ ಮಂಡಿ ನೋವು ಅಂದೆ. ಎಲ್ಲವನ್ನೂ ಮೊದಲ ಕಾಲಂನಲ್ಲೇ ಬರೆದರು. ಆಮೇಲೆ ಸುಮ್ಮನೆ ನಿಂತುಕೊಂಡು, "ಮಿಕ್ಕ ಎರಡು ಕಾಲಂ ಯಾರು ತುಂಬಿಸ್ತೀರಿ?" ಅಂದರು. ಯಾರಿಗೂ ಬಾಯಿ ಬರಲಿಲ್ಲ. ಆ ಎರಡು ಕಾಲಂ ತುಂಬಿಸುವುದನ್ನೇ ಆ ಸೆಮಿಸ್ಟರ್ ಪೂರ್ತಿ ಕಲಿತೆವು.

ಥಿಯರಿ ಭಾಗ ಚುಟುಕಾಗಿ ಹೇಳ್ತೀನಿ. ಜಾರ್ಜ್ ಎಂಗಲ್ ಅನ್ನೋ ಅಮೆರಿಕದ ವೈದ್ಯರು 1977ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಾಯಿಲೆಯನ್ನು ಬರೀ ರಕ್ತ, ಮೂಳೆ, ರಾಸಾಯನಿಕ ಅಂತ ನೋಡಿದರೆ ಸಾಲದು, ರೋಗಿಯ ಮನಸ್ಸು ಮತ್ತು ಅವರು ಬದುಕುವ ಸ್ಥಿತಿ ಎರಡನ್ನೂ ಸೇರಿಸಿಯೇ ನೋಡಬೇಕು ಅನ್ನೋದು ಅವರ ವಾದ. ಇದಕ್ಕೇ ಜೈವಿಕ-ಮಾನಸಿಕ-ಸಾಮಾಜಿಕ ಮಾದರಿ ಅಂತ ಹೆಸರು. ಅದಕ್ಕಿಂತ ಎಷ್ಟೋ ಮುಂಚೆ, 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವೇ ಆರೋಗ್ಯ ಅಂದರೆ ರೋಗ ಇಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಾಮಾಜಿಕ ಬದುಕು ಮೂರೂ ಚೆನ್ನಾಗಿರುವುದು ಅಂದಿತ್ತು. ಪರೀಕ್ಷೆಗೆ ಇವೆರಡೂ ಬಂದೇ ಬರುತ್ತವೆ, ಓದಿಕೊಳ್ಳಿ.

ಕ್ಲಾಸಿನಲ್ಲಿ ನನಗೆ ತುಂಬ ಹಿಡಿಸಿದ್ದು ಇಂಗ್ಲೆಂಡಿನ ವೈಟ್‌ಹಾಲ್ ಅಧ್ಯಯನ. 1967ರಲ್ಲಿ ಶುರುವಾಗಿದ್ದು. ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡುತ್ತಿದ್ದ ಸುಮಾರು 18,000 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಎಲ್ಲರಿಗೂ ಕಾಯಂ ಕೆಲಸ, ಎಲ್ಲರಿಗೂ ಸಂಬಳ, ಆಸ್ಪತ್ರೆ ಉಚಿತ. ಆದರೂ ಕೆಳಗಿನ ದರ್ಜೆಯವರು, ಅಂದರೆ ಬಾಗಿಲು ಕಾಯುವವರು, ಕಾಗದ ತಲುಪಿಸುವವರು, ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಸಾಯುತ್ತಿದ್ದರು. ಬೀಡಿ ಸಿಗರೇಟು, ಬಿಪಿ, ಕೊಬ್ಬು ಎಲ್ಲ ಲೆಕ್ಕ ಹಾಕಿದ ಮೇಲೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಬರೀ ಬಡವರು, ಶ್ರೀಮಂತರು ಅನ್ನೋ ಎರಡೇ ಗುಂಪಿನ ಮಾತೂ ಅಲ್ಲ ಇದು. ಒಂದೊಂದು ಮೆಟ್ಟಿಲು ಕೆಳಗೆ ಇಳಿದ ಹಾಗೂ ಆಯಸ್ಸು ಕಡಿಮೆ. ಆವತ್ತು ಸಂಜೆ ಬಸ್ಸಿನಲ್ಲಿ ಬರುವಾಗ ನಮ್ಮೂರಿನ ವಾಟರ್‌ಮ್ಯಾನ್ ಅಣ್ಣನನ್ನೇ ಯೋಚಿಸುತ್ತಿದ್ದೆ. ನೀರು ಬಿಡುವುದು ಅವರೇ, ನೀರು ಬರದಿದ್ದರೆ ಬೈಸಿಕೊಳ್ಳುವುದೂ ಅವರೇ. ಮೋಟರ್ ಯಾವಾಗ ರಿಪೇರಿ ಆಗಬೇಕು ಅನ್ನೋದು ಮಾತ್ರ ಅವರ ಕೈಯಲ್ಲಿ ಇಲ್ಲ.

ಈಗ ದೂರು. ಸ್ಟ್ರೆಸ್ ಪಾಠದಲ್ಲಿ ಹೋಮ್ಸ್ ಮತ್ತು ರಾಹೆ ಅನ್ನೋ ಅಮೆರಿಕದ ಮನೋವೈದ್ಯರು 1967ರಲ್ಲಿ ಮಾಡಿದ ಒಂದು ಪಟ್ಟಿ ಬರುತ್ತದೆ. 43 ಘಟನೆಗಳು, ಒಂದೊಂದಕ್ಕೂ ಅಂಕ. ಗಂಡ ಅಥವಾ ಹೆಂಡತಿ ತೀರಿಕೊಂಡರೆ 100, ವಿಚ್ಛೇದನಕ್ಕೆ 73, ಮದುವೆಗೆ 50, ರಜೆ ಮೇಲೆ ಪ್ರವಾಸಕ್ಕೆ 13, ಕ್ರಿಸ್‌ಮಸ್‌ಗೆ 12. ಹೋದ ವರ್ಷ ನಿಮಗೆ ಏನೇನು ಆಯಿತು ಅಂತ ಟಿಕ್ ಹಾಕಿ ಕೂಡಿಸಬೇಕು. ಮೊದಲ ಒಂದು ತಿಂಗಳು ಕ್ಲಾಸು ತೆಗೆದುಕೊಂಡ ಗೆಸ್ಟ್ ಲೆಕ್ಚರರ್ ಒಬ್ಬರು ಇದನ್ನು ಇಂಗ್ಲಿಷಿನ ಪಿಪಿಟಿ ಹಾಕಿ ಓದಿ ಹೇಳಿದರು. ಮುಗಿಯಿತು. ಅರವತ್ತು ಜನರಲ್ಲಿ ಅರ್ಧ ಜನರಿಗೆ ಪಟ್ಟಿಯಲ್ಲಿದ್ದ ಮಾರ್ಟ್‌ಗೇಜ್ (ಮನೆ ಅಡ ಇಟ್ಟು ಮಾಡುವ ಸಾಲ) ಅಂದರೆ ಏನು ಅಂತಲೇ ಗೊತ್ತಾಗಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ತೆಲುಗು ಮಾತಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವರು. ಮೂರನೇ ಭಾಷೆಯಲ್ಲಿ ಸ್ವಂತ ಕಷ್ಟಕ್ಕೆ ಟಿಕ್ ಹಾಕು ಅಂದರೆ ಹೇಗೆ ಹಾಕೋದು?

ಮೇಡಂ ಬಂದ ಮೇಲೆ ಇದೇ ಪಾಠವನ್ನು ಮತ್ತೆ ಮಾಡಿಸಿದರು. ಅದು ಇಡೀ ಕೋರ್ಸಿನಲ್ಲೇ ಅತಿ ಒಳ್ಳೆಯ ಎರಡು ಗಂಟೆ. ಪಟ್ಟಿಯನ್ನು ಪಕ್ಕಕ್ಕೆ ಇಟ್ಟು, "ನಿಮ್ಮ ಊರಿಗೆ ನೀವೇ ಒಂದು ಪಟ್ಟಿ ಮಾಡಿ" ಅಂದರು. ಗುಂಪು ಗುಂಪಾಗಿ ಕೂತೆವು. ಬೋರ್‌ವೆಲ್ ಫೇಲ್ ಆಗುವುದು. ಟೊಮೆಟೊ ರೇಟು ಬಿದ್ದುಹೋಗುವುದು. ಹಾಲು ಕೊಡುವ ಹಸು ಸಾಯುವುದು. ಮದುವೆಗೆ ಮಾಡಿದ ಸಾಲ. ಸಂಘದ ಕಂತು ಕಟ್ಟುವ ದಿನ ಕೈಯಲ್ಲಿ ದುಡ್ಡಿಲ್ಲದಿರುವುದು. ಮಗ ಬೆಂಗಳೂರಿಗೆ ಹೋಗಿ ಫೋನ್ ಎತ್ತದಿರುವುದು. ಮಾಲೂರಿನ ಹುಡುಗಿ ಒಬ್ಬಳು "ಮನೆಗೆ ನೆಂಟರು ಬಂದಾಗ ನೀರು ಖಾಲಿಯಾಗುವುದು" ಅಂತ ಸೇರಿಸಿದಳು, ಅದಕ್ಕೆ ಹುಡುಗಿಯರೆಲ್ಲ ಜಾಸ್ತಿ ಅಂಕ ಕೊಟ್ಟರು, ಹುಡುಗರು ಕಡಿಮೆ ಕೊಟ್ಟರು, ಅಲ್ಲಿಂದ ಮನೆಯಲ್ಲಿ ನೀರು ತರುವವರು ಯಾರು ಅನ್ನೋ ದೊಡ್ಡ ಚರ್ಚೆಯೇ ಎದ್ದು ಬೆಲ್ ಹೊಡೆದರೂ ನಿಲ್ಲಲಿಲ್ಲ.

ನಮ್ಮಪ್ಪ ಟೊಮೆಟೊ ಬೆಳೆಯುತ್ತಾರೆ. ಕೋಲಾರದ ಎಪಿಎಂಸಿ ಏಷ್ಯಾದಲ್ಲೇ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿತ್ತು, ಎಲ್ಲ ಟಿವಿಯಲ್ಲೂ ಬಂತು. ಆದರೆ ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಪಕ್ಕ ಸುರಿದು ಬಂದ ದಿನಗಳೂ ಇವೆ. ಅಂಥ ದಿನಗಳಲ್ಲಿ ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ಕೂರುತ್ತಾರೆ. ಹನ್ಸ್ ಸೆಲಿಯೆ ಅನ್ನೋ ವಿಜ್ಞಾನಿ 1936ರಲ್ಲಿ ಶುರು ಮಾಡಿದ ಒತ್ತಡದ ಪಾಠ ಓದುವಾಗ ನನ್ನ ಕಣ್ಣ ಮುಂದೆ ಬಂದಿದ್ದು ಅದೇ. ಮೊದಲು ದೇಹ ಎಚ್ಚರಗೊಳ್ಳುತ್ತದೆ, ಆಮೇಲೆ ತಡೆದುಕೊಂಡು ನಿಲ್ಲುತ್ತದೆ, ಬಹಳ ದಿನ ಎಳೆದರೆ ದಣಿದು ಹೋಗುತ್ತದೆ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಜಾಸ್ತಿಯಾಗುವುದು, ನಿದ್ದೆ ಕೆಡುವುದು, ಬಿಪಿ ಏರುವುದು, ಎಲ್ಲ ಒಂದಕ್ಕೊಂದು ಗಂಟು. ಹೋದ ಸಲ ಬಿಪಿ ಚೆಕ್ ಮಾಡಿಸಲು ಅಪ್ಪನ ಜೊತೆ ನಾನೇ ಹೋದೆ. ಡಾಕ್ಟರ್ ಕೇಳದಿದ್ದರೂ "ರಾತ್ರಿ ನಿದ್ದೆ ಇಲ್ಲ ಸಾರ್, ಬೆಳೆಯಲ್ಲಿ ಲಾಸ್ ಆಗಿದೆ" ಅಂತ ಹೇಳಿದೆ. ಅಪ್ಪ ನನ್ನನ್ನೇ ನೋಡಿದರು. ಅವರು ಅದನ್ನು ಯಾವತ್ತೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಇನ್ನು ಫೀಲ್ಡ್ ವರ್ಕ್. ಬಸ್ ಖರ್ಚಿನ ಚಿಂತೆ ಹುಡುಗಿಯರಿಗೆ ಇರಲಿಲ್ಲ, ಶಕ್ತಿ ಯೋಜನೆ ಇರುವುದರಿಂದ ಆಧಾರ್ ತೋರಿಸಿ ನಾಲ್ಕು ದಿನವೂ ಓಡಾಡಿದೆವು. ನಮ್ಮ ಗುಂಪಿಗೆ ಸಿಕ್ಕ ವಿಷಯ ಫ್ಲೋರೈಡ್, ನೀರಿನಲ್ಲಿ ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಖನಿಜಾಂಶ. ಕೋಲಾರದವರಿಗೆ ಇದು ಹೊಸದಲ್ಲ. ವರ್ಷಪೂರ್ತಿ ಹರಿಯುವ ಹೊಳೆ ನಮಗಿಲ್ಲ. ಬೋರ್‌ವೆಲ್ 1,000 ಅಡಿ ದಾಟಿ ಎಷ್ಟೋ ವರ್ಷವಾಯಿತು. ಇಲ್ಲಿಯ ಗ್ರಾನೈಟ್ ಬಂಡೆಯಲ್ಲೇ ಫ್ಲೋರೈಡ್ ಇದೆ, ನೀರು ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತಷ್ಟೂ ಅದು ಜಾಸ್ತಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ.

ಟೆಸ್ಟ್ ಕಿಟ್ ತೆಗೆದುಕೊಂಡು ಹೋಗಿದ್ದೆವು. ಸಣ್ಣ ಗಾಜಿನ ಟ್ಯೂಬಿಗೆ ನೀರು ಹಾಕಿ, ಬಾಟಲಿಯಿಂದ ಹನಿ ಹನಿ ಔಷಧಿ ಬಿಟ್ಟು, ಅಲ್ಲಾಡಿಸಿ, ಸ್ವಲ್ಪ ಹೊತ್ತು ಕಾಯಬೇಕು. ಫ್ಲೋರೈಡ್ ಕಡಿಮೆ ಇದ್ದರೆ ಗುಲಾಬಿ ಬಣ್ಣ ನಿಲ್ಲುತ್ತದೆ, ಜಾಸ್ತಿ ಇದ್ದರೆ ಹಳದಿ ಕಡೆ ತಿರುಗುತ್ತದೆ. ಕಿಟ್ ಜೊತೆ ಕೊಟ್ಟ ಕಾರ್ಡಿನ ಬಣ್ಣಕ್ಕೆ ಹಿಡಿದು ನೋಡಬೇಕು. ಶುದ್ಧ ನೀರಿನ ಘಟಕದ ನೀರು ಗುಲಾಬಿಯಾಗಿಯೇ ಉಳಿಯಿತು. ಅದೇ ಬೀದಿಯ ಬೋರ್‌ವೆಲ್ ನಲ್ಲಿಯ ನೀರು ನಮ್ಮ ಕಣ್ಣೆದುರೇ ಹಳದಿಯಾಯಿತು. ಸುತ್ತ ನಿಂತಿದ್ದ ಹೆಂಗಸರು ಟ್ಯೂಬ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಇದನ್ನೇ ಅಲ್ವೇನಮ್ಮ ಸಾರಿಗೆ ಹಾಕೋದು" ಅಂದರು ಒಬ್ಬರು.

ನಮ್ಮ ಪ್ರಶ್ನಾವಳಿಯಲ್ಲಿ ಕುಡಿಯೋಕೆ ಯಾವ ನೀರು ಅಂತ ಮಾತ್ರ ಇತ್ತು. ಅಡುಗೆಗೆ ಯಾವ ನೀರು ಅಂತ ನಾವು ಕೇಳಿಯೇ ಇರಲಿಲ್ಲ. ಘಟಕದಲ್ಲಿ ಐದು ರೂಪಾಯಿಗೆ ಒಂದು ಕ್ಯಾನ್, ಅಂದರೆ 20 ಲೀಟರ್. ಕುಡಿಯೋಕೆ ಅದನ್ನು ತರುತ್ತಾರೆ, ಆದರೆ ಮುದ್ದೆಗೆ, ಅನ್ನಕ್ಕೆ, ಹುಳಿಗೆ ನಲ್ಲಿ ನೀರೇ. ಕುದಿಸಿದರೆ ಎಲ್ಲ ಹೋಗುತ್ತದೆ ಅಂತ ನಂಬಿಕೆ. ಕ್ರಿಮಿ ಸಾಯುತ್ತದೆ ನಿಜ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದಿದ್ದರಲ್ಲಿ ಅದು ಜಾಸ್ತಿಯೇ ಆಗುತ್ತದೆ. ದಯವಿಟ್ಟು ಇದನ್ನು ಮನೆಯಲ್ಲಿ ಹೇಳಿ. ಇನ್ನೊಂದು, ಘಟಕ ಕೆಟ್ಟು ನಿಂತರೆ ಗಾಡಿ ಇದ್ದವರು ಪಕ್ಕದ ಊರಿನಿಂದ ತರುತ್ತಾರೆ. ಗಾಡಿ ಇಲ್ಲದವರು, ಒಂಟಿ ಮುದುಕಿಯರು, ಊರಾಚೆ ಮನೆ ಇರುವವರು ನಲ್ಲಿಗೇ ವಾಪಸ್. ಮೂರನೇ ಕಾಲಂ ಅಂದರೆ ಇದೇ.

ಎರಡನೇ ಕಾಲಂ ನನಗೆ ಅರ್ಥವಾಗಿದ್ದು ಒಬ್ಬ ಹುಡುಗಿಯಿಂದ. ಒಂಬತ್ತನೇ ಕ್ಲಾಸು. ತುಂಬ ಚುರುಕು, ನಮಗೆ ಮನೆ ಮನೆ ತೋರಿಸಿದವಳೇ ಅವಳು. ನಗು ಬಂದಾಗೆಲ್ಲ ವೇಲ್ ತುದಿ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಹಲ್ಲಿನ ಮೇಲೆ ಕಂದು ಗೆರೆಗಳು. ಚಿಕ್ಕ ವಯಸ್ಸಿನಲ್ಲಿ ಹಲ್ಲು ಒಳಗೆ ರೂಪುಗೊಳ್ಳುವಾಗಲೇ ಈ ಕಲೆ ಕೂರುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅವಳಿಗೆ ಯಾರೂ ಇದನ್ನು ಹೇಳಿರಲಿಲ್ಲ. ಅವಳ ಅಮ್ಮ "ಸರಿಯಾಗಿ ಉಜ್ಜಲ್ಲ ಇವಳು" ಅಂತ ನಮ್ಮ ಮುಂದೆಯೇ ಬೈದರು. ಉಜ್ಜದೆ ಬಂದಿದ್ದಲ್ಲ ಅಮ್ಮ, ನೀರಿನಿಂದ ಬಂದಿದ್ದು ಅಂತ ಮೇಡಂ ಕೂತು ನಿಧಾನವಾಗಿ ತೆಲುಗಿನಲ್ಲಿ ವಿವರಿಸಿದರು. ಆ ಹುಡುಗಿ ವೇಲ್ ಕೈಯಲ್ಲೇ ಹಿಡಿದುಕೊಂಡು ಅಮ್ಮನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಅಜ್ಜಿಯ ವಿಷಯಕ್ಕೆ ಬರ್ತೀನಿ, ನನ್ನ ರೆಕಾರ್ಡ್ ಬುಕ್ ಅವರ ಮೇಲೆಯೇ. ನಮ್ಮಜ್ಜಿಗೆ ಈಗ ಕೆಳಗೆ ಕೂತು ಹಾಲು ಕರೆಯೋಕೆ ಆಗುವುದಿಲ್ಲ. ಸೊಂಟ ಬಗ್ಗುವುದಿಲ್ಲ, ಮಂಡಿ ಮಡಚುವುದಿಲ್ಲ. ಎಷ್ಟೋ ವರ್ಷ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿ ಸೂಜಿ ಹಾಕಿಸಿಕೊಂಡು, ನೋವಿನ ಮಾತ್ರೆ ತಂದು ನುಂಗಿದರು. ಎಲ್ಲಿಯ ನೀರು ಕುಡಿಯುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಬೇರೆ ಕಡೆ ಎಕ್ಸ್‌ರೇ ತೆಗೆಸಿದಾಗ ಮೂಳೆಗೂ, ಮೂಳೆಗಳನ್ನು ಕಟ್ಟಿ ಹಿಡಿದಿರುವ ಲಿಗಮೆಂಟ್‌ಗಳಿಗೂ ಫ್ಲೋರೈಡ್ ಕೂತಿದೆ ಅಂದರು. ಕೂತಿದ್ದನ್ನು ತೆಗೆಯೋಕೆ ಔಷಧಿ ಇಲ್ಲ. ನೀರು ಬದಲಾಯಿಸಬೇಕು. ಹಾಲು, ಸೊಪ್ಪು, ನೆಲ್ಲಿಕಾಯಿ ಥರದ್ದು ಜಾಸ್ತಿ ತಿನ್ನಬೇಕು, ಕ್ಯಾಲ್ಸಿಯಂ ಮತ್ತು ವಿಟಮಿನ್ ಸಿ ಸಿಗುವ ಹಾಗೆ.

ರೆಕಾರ್ಡಿಗೆ ಅಂತ ಒಂದು ವಾರ ಅಜ್ಜಿಯ ನೋವನ್ನು ದಿನಕ್ಕೆ ಮೂರು ಸಲ ಕೇಳಿ ಬರೆದೆ. ಸೊನ್ನೆಯಿಂದ ಹತ್ತು ಅಂದರೆ ಅವರಿಗೆ ಆಗಲಿಲ್ಲ. ಅದಕ್ಕೆ ಹುಣಸೆ ಬೀಜ ಕೊಟ್ಟೆ. ನೋವು ಎಷ್ಟಿದೆಯೋ ಅಷ್ಟು ಬೀಜ ಎತ್ತಿ ಇಡಿ ಅಂದೆ. ಬೆಳಿಗ್ಗೆ ಎಂಟು ಬೀಜ. ಮಧ್ಯಾಹ್ನ ಒಬ್ಬರೇ ಇರುವಾಗ ಒಂಬತ್ತು. ಶನಿವಾರ ನಮ್ಮ ಅತ್ತೆ ಮಕ್ಕಳ ಜೊತೆ ಬಂದರು, ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಹರಟೆ ಹೊಡೆದರು, ಆ ಸಂಜೆ ನಾಲ್ಕೇ ಬೀಜ. ಮಾತ್ರೆ ಆವತ್ತು ಅವರು ತೆಗೆದುಕೊಂಡೇ ಇರಲಿಲ್ಲ. ಮೆಲ್ಜಾಕ್ ಮತ್ತು ವಾಲ್ ಅನ್ನೋ ವಿಜ್ಞಾನಿಗಳು 1965ರಲ್ಲಿ ಹೇಳಿದ್ದು ಇದನ್ನೇ. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ಗೇಟು ದಾಟಿ ಮಿದುಳಿಗೆ ಹೋಗಬೇಕು. ಉಜ್ಜಿದರೆ, ಗಮನ ಬೇರೆ ಕಡೆ ಹೋದರೆ, ಮನಸ್ಸು ಹಗುರಾದರೆ ಆ ಗೇಟು ಸ್ವಲ್ಪ ಮುಚ್ಚುತ್ತದೆ. ಭಯ, ಬೇಜಾರು ಇದ್ದರೆ ಜಾಸ್ತಿ ತೆರೆಯುತ್ತದೆ. ಅಜ್ಜಿ ನೀಲಗಿರಿ ಎಣ್ಣೆ ಹಚ್ಚಿ ಮಂಡಿ ಉಜ್ಜಿಕೊಳ್ಳುವುದರಲ್ಲೂ ಅರ್ಥ ಇದೆ ಅಂತ ಆಗ ತಿಳಿಯಿತು. ನೋವು ಸುಳ್ಳಲ್ಲ, ಎಕ್ಸ್‌ರೇಯಲ್ಲಿ ಇದೆ. ಆದರೆ ಒಂಟಿತನಕ್ಕೆ ಅದು ದೊಡ್ಡದಾಗುತ್ತದೆ.

ಇನ್ನೊಂದು ಗುಂಪಿನವರು ಟಿಬಿ ತೆಗೆದುಕೊಂಡಿದ್ದರು. ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು ನುಂಗಬೇಕು. ಕೆಮ್ಮು ಮಾತ್ರ ಅದಕ್ಕೂ ಮುಂಚೆಯೇ ನಿಂತುಬಿಡುತ್ತದೆ. ಮಾರುಕಟ್ಟೆಯಲ್ಲಿ ಬಾಕ್ಸ್ ಹೊರುವ ಹಮಾಲಿಗೆ ಮಾತ್ರೆ ತರಲು ಹೋದ ದಿನದ ಕೂಲಿ ಹೋಗುತ್ತದೆ, ಜೊತೆಗೆ ಯಾರಾದರೂ ನೋಡಿದರೆ ಅನ್ನೋ ಭಯ. ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಅವರ ರಿಪೋರ್ಟ್ ಚೆನ್ನಾಗಿತ್ತು, ಆಶಾ ಕಾರ್ಯಕರ್ತೆಯರ ಮಾತೇ ಅದರಲ್ಲಿ ಜಾಸ್ತಿ ಇತ್ತು. ಕೆಜಿಎಫ್ ಕಡೆಯ ಹುಡುಗರು ಗಣಿ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಕಾಯಿಲೆ ಬಗ್ಗೆ ಮಾಡಬೇಕು ಅಂದುಕೊಂಡಿದ್ದರು, ಗಣಿ 2001ರಲ್ಲಿ ಮುಚ್ಚಿದರೂ ಆಗ ಕೆಲಸ ಮಾಡಿದವರು ಇನ್ನೂ ಇದ್ದಾರಲ್ವಾ. ಆದರೆ ಸಮಯ ಸಾಲಲಿಲ್ಲ. ನಾಲ್ಕು ದಿನದ ಫೀಲ್ಡ್ ವರ್ಕ್ ತೀರಾ ಕಡಿಮೆ. ಕನಿಷ್ಠ ಹತ್ತು ದಿನ ಬೇಕು, ಇದನ್ನು ಕಾಲೇಜಿಗೆ ಬರೆದೂ ಕೊಟ್ಟಿದ್ದೇವೆ.

ಪರೀಕ್ಷೆ ಬಗ್ಗೆ ನನಗೆ ನಿಜವಾಗಲೂ ಬೇಸರ ಇದೆ. ಇಷ್ಟೆಲ್ಲ ಓಡಾಡಿ ಕಲಿತ ಮೇಲೆ ಪ್ರಶ್ನೆ ಪತ್ರಿಕೆಯಲ್ಲಿ "ಒತ್ತಡ ಎಂದರೇನು? ಅದರ ವಿಧಗಳನ್ನು ತಿಳಿಸಿ" ಅಂತ ಬಂತು. ರೆಕಾರ್ಡಿಗೆ ಇಂಟರ್ನಲ್ಸ್‌ನಲ್ಲಿ ಹತ್ತೇ ಅಂಕ. ಹುಣಸೆ ಬೀಜದ ಲೆಕ್ಕಕ್ಕೂ ಟ್ಯೂಬಿನ ಹಳದಿ ಬಣ್ಣಕ್ಕೂ ಅಲ್ಲಿ ಜಾಗವೇ ಇರಲಿಲ್ಲ. ಕನ್ನಡದಲ್ಲಿ ಒಳ್ಳೆಯ ಪಠ್ಯಪುಸ್ತಕ ನಮಗೆ ಸಿಗಲಿಲ್ಲ, ಲೈಬ್ರರಿಯಲ್ಲಿ ಇದ್ದ ಇಂಗ್ಲಿಷ್ ಪುಸ್ತಕದ ಎರಡು ಪ್ರತಿ ಅರವತ್ತು ಜನಕ್ಕೆ. ಮೇಡಂ ಕೈಯಲ್ಲಿ ಬರೆದ ಕನ್ನಡ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡೇ ಓದಿದೆವು. ಆ ನೋಟ್ಸ್ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನ ಪಾಸಾಗುತ್ತಿರಲಿಲ್ಲ.

ಸೇರುವವರು ಇನ್ನೊಂದು ವಿಷಯ ತಿಳಿದುಕೊಳ್ಳಿ. ಈ ಒಂದು ಪೇಪರ್ ಓದಿದರೆ ಕೌನ್ಸೆಲರ್ ಆಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡೋಕೆ ಮುಂದೆ ಅದಕ್ಕೇ ಬೇರೆ ಓದು ಓದಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಬೇಕು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಸಾರ್ವಜನಿಕ ಆರೋಗ್ಯ, ನರ್ಸಿಂಗ್ ಕಡೆ ಯೋಚನೆ ಇರುವವರಿಗೆ ಇದು ಒಳ್ಳೆಯ ಬುನಾದಿ. ಓದುತ್ತಾ ಓದುತ್ತಾ ಮನೆಯವರ ಕಷ್ಟ, ನಮ್ಮದೇ ಕಷ್ಟ ಮೇಲೆ ಬರುತ್ತದೆ. ನಮ್ಮ ಕ್ಲಾಸಿನಲ್ಲಿ ಇಬ್ಬರು ಅತ್ತರು. ಆವತ್ತು ಮೇಡಂ ಬೋರ್ಡ್ ಮೇಲೆ ಬರೆದ ನಂಬರ್ ನಾನು ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದೇನೆ, ನೀವೂ ಮಾಡಿಕೊಳ್ಳಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಅಂಕ ಕಡಿಮೆ ಮಾಡಿದ್ದು ಪರೀಕ್ಷೆಗೂ ಇಂಗ್ಲಿಷ್ ಪಿಪಿಟಿಗೂ. ನನ್ನ ನೋಟ್ಸು, ರೆಕಾರ್ಡ್ ಬುಕ್ ಎರಡೂ ಮನೆಯಲ್ಲಿ ಇವೆ, ಶ್ರೀನಿವಾಸಪುರ ಬಸ್ಸಿನಲ್ಲಿ ಬರುವ ಜೂನಿಯರ್‌ಗಳು ಕೇಳಿ ತೆಗೆದುಕೊಳ್ಳಿ. ಈಗ ನಮ್ಮ ಮನೆಯಲ್ಲಿ ಹುಳಿಗೂ ಮುದ್ದೆಗೂ ಕ್ಯಾನ್ ನೀರೇ. ದಿನಾ ಒಂದು ಕ್ಯಾನ್ ಜಾಸ್ತಿ ತರಬೇಕು, ಅದನ್ನು ತಮ್ಮ ಸೈಕಲ್ಲಿನಲ್ಲಿ ತರುತ್ತಾನೆ. ಅಜ್ಜಿ ಹುಣಸೆ ಬೀಜಗಳನ್ನು ಎಸೆಯೋಕೆ ಬಿಟ್ಟಿಲ್ಲ, ಒಂದು ಡಬ್ಬಿಯಲ್ಲಿ ಹಾಕಿ ಕಿಟಕಿ ಮೇಲೆ ಇಟ್ಟುಕೊಂಡಿದ್ದಾರೆ. ನಾನು ಕಾಲೇಜಿನಿಂದ ಬಂದ ತಕ್ಷಣ ಕೇಳದಿದ್ದರೂ ಎಣಿಸಿ ತೋರಿಸುತ್ತಾರೆ. ನಿನ್ನೆ ಆರು.